ಥಾಮಸ್ ಅರ್ಸ್ಕಿನ್ ಮತ್ತು ಜ್ಯೂರಿಯ ಅಧಿಕಾರ

ಒಂದು ಬರಹವು ಅಪರಾಧವೆ ಅಲ್ಲವೆ ಎಂಬುದನ್ನು ನಿರ್ಣಯಿಸತಕ್ಕವರು ಯಾರು? ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಇದಕ್ಕೆ ಕೊಡುತ್ತಿದ್ದ ಉತ್ತರ ಸ್ಪಷ್ಟವಾಗಿದ್ದಿತು. ಆರೋಪಿಯು ಬರಹವನ್ನು ಪ್ರಕಟಿಸಿದನೆ, ಅದರ ಮಾತುಗಳಿಗೆ ದೋಷಾರೋಪಣಪತ್ರವು ಹೇಳುವ ಅರ್ಥವುಂಟೆ, ಇವೆರಡನ್ನು ಮಾತ್ರ ಜ್ಯೂರಿ ಹೇಳಬೇಕು. ಅದು ರಾಜದ್ರೋಹಕರವೆ ಎಂಬುದು ಕಾನೂನಿನ ಪ್ರಶ್ನೆ, ಆದುದರಿಂದ ನ್ಯಾಯಾಧೀಶರಿಗೆ ಸೇರಿದ್ದು. ಪ್ರಕಟನೆಯನ್ನು ರುಜುವಾತುಪಡಿಸಲು ಅಂಗಡಿಯಲ್ಲಿ ಒಂದು ಪ್ರತಿ ಕೊಂಡವನ ಸಾಕ್ಷ್ಯ ಸಾಕು. ಅಲ್ಲಿಗೆ ಜ್ಯೂರಿಯ ಕೆಲಸ ಮುಗಿಯಿತು. ಆರೋಪಿಯ ಗತಿಯೂ ಬಹುಮಟ್ಟಿಗೆ ಮುಗಿಯಿತು. ಈ ನಿಯಮದೊಡನೆ ನ್ಯಾಯಾಲಯದಲ್ಲಿಯೇ ಹೋರಾಡಿದ ವಕೀಲರಲ್ಲಿ ಥಾಮಸ್ ಅರ್ಸ್ಕಿನ್ (೧೭೫೦–೧೮೨೩) ಅಗ್ರಗಣ್ಯನು.

ಸ್ಕಾಟ್ಲೆಂಡಿನ ಬಡವಾದ ಶ್ರೀಮಂತ ಮನೆತನದ ಕಿರಿಯ ಮಗನಾದ ಈತ ಮೊದಲು ನೌಕಾದಳವನ್ನೂ ಅನಂತರ ಸೈನ್ಯವನ್ನೂ ಸೇರಿ, ೧೭೭೮ರಲ್ಲಿ ವಕೀಲನಾದನು. ಅದೇ ವರ್ಷ ಗ್ರೀನಿಚ್ಚಿನ ವೃದ್ಧ ನಾವಿಕರ ಆಸ್ಪತ್ರೆಯ ಅವ್ಯವಹಾರಗಳನ್ನು ಬಯಲಿಗೆಳೆದು ಮೊಕದ್ದಮೆಗೆ ಸಿಕ್ಕಿದ್ದ ಕ್ಯಾಪ್ಟನ್ ಬೇಲಿಯ ಪರವಾಗಿ ನಿಂತ ವಕೀಲರಲ್ಲಿ ಈತನೇ ಕಿರಿಯ. ನೌಕಾಖಾತೆಯ ಮುಖ್ಯಸ್ಥ ಲಾರ್ಡ್ ಸ್ಯಾಂಡ್‌ವಿಚ್ಚನ ಹೆಸರನ್ನು ಈತ ಎತ್ತಿದಾಗ, ಆತನು ನ್ಯಾಯಾಲಯದ ಮುಂದಿಲ್ಲವೆಂದು ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಎಚ್ಚರಿಸಿದರು. ಅದೇ ಕಾರಣದಿಂದ ಆತನನ್ನು ತಾನು ಮುಂದೆ ತರುವೆನೆಂದು ಅರ್ಸ್ಕಿನ್ ಉತ್ತರಕೊಟ್ಟನು. ಬೇಲಿ ಬಿಡುಗಡೆ ಹೊಂದಿದನು. ಹೊಸ ವಕೀಲನಿಗೆ ಕಕ್ಷಿಗಾರರ ಕೊರತೆ ಮತ್ತೆ ಕಾಣಲಿಲ್ಲ.

ಆದರೆ ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕಾದುದು ೧೭೮೪ರ ಸೇಂಟ್ ಆಸಾಫ್ ಡೀನನ ಮೊಕದ್ದಮೆ. ಡೀನ್ ಷಿಪ್ಲಿ ಅಚ್ಚುಹಾಕಿಸಿದ್ದುದು ಒಬ್ಬ ಗೃಹಸ್ಥನಿಗೂ ಒಬ್ಬ ರೈತನಿಗೂ ನಡೆಯುವ ಸಂವಾದರೂಪದ ಪುಟ್ಟ ಪುಸ್ತಕ. ಹಳ್ಳಿಯ ಸಂಘದ ಅಧ್ಯಕ್ಷನು ಸದಸ್ಯರನ್ನು ತುಳಿಯಹೊರಟರೆ ಅವರೇನು ಮಾಡುವರೋ, ಅರಸನ ವಿಷಯದಲ್ಲಿ ಪ್ರಜೆಗಳಿಗೂ ಅದೇ ಹಕ್ಕೆಂಬುದು ಅದರ ತಾತ್ಪರ್ಯ. ಬರೆದವನು ಷಿಪ್ಲಿಯ ಭಾವ ವಿಲಿಯಂ ಜೋನ್ಸ್, ನಮ್ಮ ಓದುಗರಿಗೆ ಶಾಕುಂತಲದ ಭಾಷಾಂತರಕಾರನಾಗಿ ಪರಿಚಿತನಾದವನೇ. ವಿಚಾರಣೆಯ ವೇಳೆಗೆ ಆತನು ಕಲಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದನು. ಕರ್ತೃವು ನ್ಯಾಯಪೀಠದ ಮೇಲೆ, ಪ್ರಕಾಶಕನು ಕಟಕಟೆಯಲ್ಲಿ! ಇಂತಹ ವಿಪರ್ಯಾಸ ಕಾನೂನಿನ ಚರಿತ್ರೆಯಲ್ಲಿ ವಿರಳ.

ಶ್ರೂಸ್‌ಬರಿಯಲ್ಲಿ ವಿಚಾರಣೆ ನಡೆಸಿದ ನ್ಯಾಯಾಧೀಶ ಬುಲ್ಲರ್, ಪ್ರಕಟನೆಯೊಂದನ್ನೇ ನೋಡಬೇಕೆಂದು ಜ್ಯೂರಿಗೆ ತಿಳಿಸಿದರು. ಜ್ಯೂರಿ ಹಿಂತಿರುಗಿ “ಪ್ರಕಟಿಸಿದುದರಲ್ಲಿ ಮಾತ್ರ ದೋಷಿ” ಎಂದಿತು. ಆ “ಮಾತ್ರ” ಎಂಬ ಪದದ ಮೇಲೆಯೇ ಎಲ್ಲವೂ ನಿಂತಿದ್ದಿತು. ಅದು ಉಳಿದರೆ ಬರಹವು ದ್ರೋಹವೆಂಬ ಆರೋಪಕ್ಕೆ ಜ್ಯೂರಿ ಒಪ್ಪಲಿಲ್ಲವೆಂದಾಗುತ್ತದೆ. ಬುಲ್ಲರ್ ಅದನ್ನು ತೆಗೆಯಲು ಯತ್ನಿಸಿದರು. ಜ್ಯೂರಿ ಹೇಳಿದಂತೆಯೇ ದಾಖಲಾಗಬೇಕೆಂದು ಅರ್ಸ್ಕಿನ್ ಪಟ್ಟುಹಿಡಿದನು. ಕುಳಿತುಕೊಳ್ಳದಿದ್ದರೆ ಬೇರೆ ಕ್ರಮ ಕೈಗೊಳ್ಳಬೇಕಾದೀತೆಂದು ನ್ಯಾಯಾಧೀಶರು ಗದರಿಸಿದರೂ ಆತನು ಬಗ್ಗಲಿಲ್ಲ. ಅವರ ಕರ್ತವ್ಯ ಅವರಿಗೆ ತಿಳಿದಿರುವಂತೆ ತನ್ನ ಕರ್ತವ್ಯ ತನಗೂ ತಿಳಿದಿದೆಯೆಂದನು. ವಾಗ್ವಾದದ ತರುವಾಯ ಜ್ಯೂರಿಯು, ಪ್ರಕಟನೆ ಸಿದ್ಧ, ದ್ರೋಹವೊ ಅಲ್ಲವೊ ತಾನು ಹೇಳುವುದಿಲ್ಲ, ಎಂಬ ರೂಪಕ್ಕೆ ತೀರ್ಪನ್ನು ತಂದಿತು. ಹೊಸ ವಿಚಾರಣೆ ಬೇಕೆಂಬ ಕೋರಿಕೆಯನ್ನು ಮ್ಯಾನ್ಸ್‌ಫೀಲ್ಡ್ ನಿರಾಕರಿಸಿದರು. ಕಡೆಗೆ ಡೀನನು ಪಾರಾದದ್ದು ದೋಷಾರೋಪಣಪತ್ರದಲ್ಲಿದ್ದ ನ್ಯೂನತೆಯಿಂದ. ಸಿದ್ಧಾಂತದಲ್ಲಿ ಅರ್ಸ್ಕಿನ್ ಸೋತನೆಂದೇ ಹೇಳಬೇಕು. ಆದರೆ ಅವನ ವಾದ ಮರೆಯಾಗಲಿಲ್ಲ. ೧೭೯೨ರಲ್ಲಿ ಫಾಕ್ಸನ ಪ್ರಯತ್ನದಿಂದ ಬಂದ ಶಾಸನವು, ಇಂತಹ ಮೊಕದ್ದಮೆಗಳಲ್ಲಿ ಇಡೀ ವಿಷಯವನ್ನು ಕುರಿತು ತೀರ್ಪು ಹೇಳುವ ಅಧಿಕಾರವನ್ನು ಜ್ಯೂರಿಗೆ ಕೊಟ್ಟಿತು.

ನಡುವೆ ೧೭೮೯ರಲ್ಲಿ ವಾರನ್ ಹೇಸ್ಟಿಂಗ್ಸನನ್ನು ಸಮರ್ಥಿಸುವ ಪುಸ್ತಕವನ್ನು ಮಾರಿದ ಸ್ಟಾಕ್‌ಡೇಲನ ಪರವಾಗಿ ಅರ್ಸ್ಕಿನ್ ವಾದಿಸಿ ಗೆದ್ದನು. ಅಲ್ಲಲ್ಲಿ ಕಿತ್ತ ವಾಕ್ಯಗಳಿಂದಲ್ಲ, ಇಡೀ ಪುಸ್ತಕದಿಂದ ಬರೆದವನ ಉದ್ದೇಶವನ್ನು ಅಳೆಯಬೇಕೆಂಬುದು ಅಲ್ಲಿಯ ವಾದ. ಹೇಸ್ಟಿಂಗ್ಸನ ಮೇಲೆ ಆರೋಪ ಹೊರಿಸಿದ್ದವರು ಅರ್ಸ್ಕಿನ್ನನ ಪಕ್ಷದ ಮುಂದಾಳುಗಳೇ ಎಂಬುದನ್ನು ನೆನೆದರೆ ಈ ವಕೀಲಿಯ ಬೆಲೆ ತಿಳಿಯುತ್ತದೆ.

ಹೊಸ ಶಾಸನದಿಂದ ಸರ್ವರೂ ಸುರಕ್ಷಿತರಾಗಲಿಲ್ಲ. ಅದೇ ೧೭೯೨ರ ಡಿಸೆಂಬರಿನಲ್ಲಿ ಫ್ರಾನ್ಸಿನಲ್ಲಿದ್ದ ಥಾಮಸ್ ಪೇನನ ಪರವಾಗಿ ಅರ್ಸ್ಕಿನ್ ನಿಂತನು. ಇದಕ್ಕಾಗಿ ವೇಲ್ಸಿನ ರಾಜಕುಮಾರನ ಬಳಿ ಇದ್ದ ಅಟಾರ್ನಿ ಹುದ್ದೆಯನ್ನು ಕಳೆದುಕೊಂಡನು. ವಕೀಲನು ಆರೋಪಿಯನ್ನು ಆರಿಸಿಕೊಳ್ಳತೊಡಗಿದರೆ ತೀರ್ಪಿಗೆ ಮೊದಲೇ ತಾನು ನ್ಯಾಯಾಧೀಶನಾದಂತೆ ಎಂಬುದು ಅವನ ನಿಲುವು. ಸರ್ಕಾರದ ಪ್ರತ್ಯುತ್ತರಕ್ಕೂ ಕಾಯದೆ ಜ್ಯೂರಿಯು ಪೇನನನ್ನು ದೋಷಿಯೆಂದಿತು. ಅಧಿಕಾರ ದೊರೆತ ಜ್ಯೂರಿಯೂ ಕಾಲದ ಭೀತಿಗೆ ವಶವಾಗಬಲ್ಲದು. ಎರಡು ವರ್ಷಗಳ ಮೇಲೆ, ೧೭೯೪ರಲ್ಲಿ, ಚಮ್ಮಾರ ಥಾಮಸ್ ಹಾರ್ಡಿಯ ರಾಜದ್ರೋಹದ ವಿಚಾರಣೆಯಲ್ಲಾದರೋ ಮತ್ತೊಂದು ಜ್ಯೂರಿ ಬಿಡುಗಡೆಯ ತೀರ್ಪನ್ನೇ ಕೊಟ್ಟಿತು.

ಈ ಚರಿತ್ರೆಯಲ್ಲಿ ಒಂದು ಕಲೆಯೂ ಉಂಟು. ೧೭೯೭ರಲ್ಲಿ ಅದೇ ಪೇನನ ಮತವಿಮರ್ಶೆಯ ಗ್ರಂಥವನ್ನು ಮಾರಿದ ವಿಲಿಯಮ್ಸ್ ಎಂಬ ಬಡ ಪುಸ್ತಕವ್ಯಾಪಾರಿಯ ವಿರುದ್ಧ ಅರ್ಸ್ಕಿನ್ ವಾದಿಸಿ ಶಿಕ್ಷೆಗೆ ಕಾರಣನಾದನು. ರಾಜಕೀಯ ವಿಚಾರಕ್ಕೆ ಕೋರಿದ ಸ್ವಾತಂತ್ರ್ಯವನ್ನು ಮತವಿಚಾರಕ್ಕೆ ಆತನು ಕೊಡಲಿಲ್ಲ. ತರುವಾಯ ಆ ವ್ಯಾಪಾರಿಯ ಸಂಸಾರದ ದುರವಸ್ಥೆಯನ್ನೂ ಸಿಡುಬಿನಿಂದ ನರಳುತ್ತಿದ್ದ ಮಕ್ಕಳನ್ನೂ ಕಣ್ಣಾರೆ ಕಂಡು, ಮೊಕದ್ದಮೆ ಹೂಡಿದ ಸಂಘವನ್ನು ದಯೆ ತೋರುವಂತೆ ಕೇಳಿಕೊಂಡನು. ಸಂಘವು ಒಪ್ಪಲಿಲ್ಲ. ಅರ್ಸ್ಕಿನ್ ತಾನು ಪಡೆದಿದ್ದ ಹಣವನ್ನು ಹಿಂದಿರುಗಿಸಿ ಆ ವಕೀಲಿಯನ್ನು ಬಿಟ್ಟನು.