ಒಂದು ಸೇರು ರಾಗಿಯ ತೂಕವೆಷ್ಟು?

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ರಾಗಿಯ ಸೀಮೆಯಲ್ಲಿ ಕಾಳು ಅಂಗಡಿಯಿಂದ ಕಿಲೋಗ್ರಾಮುಗಳ ಲೆಕ್ಕದಲ್ಲಿ ಮನೆಗೆ ಬರುತ್ತದೆ. ಅಡಿಗೆಮನೆಯಲ್ಲಿ ಅದನ್ನು ಪಾವು ಸೇರುಗಳಲ್ಲಿ ಅಳೆಯುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಒಂದು ಸೇರಿಗೆ ಎಷ್ಟು ಗ್ರಾಂ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಹೇಳುವುದುಂಟು. ಅವರಲ್ಲಿ ಯಾರನ್ನೂ ನಾವು ತಪ್ಪುಗಾರರೆನ್ನಲಾರೆವು, ಪ್ರಶ್ನೆಯಲ್ಲಿಯೇ ತೊಡಕಿದೆ.

ಮೊದಲನೆಯದಾಗಿ, ಸೇರು ಎಂಬ ಒಂದೇ ಹೆಸರು ತೂಕಕ್ಕೂ ಉಂಟು, ಅಳತೆಯ ಪಾತ್ರೆಗೂ ಉಂಟು. ತೂಕದ ಸೇರಿನಲ್ಲಿಯೇ 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ, 80 ತೊಲದ ಸೇರು 933 ಗ್ರಾಂ. 1956ರ ಕಾಯಿದೆಯ ಫಲವಾಗಿ 1962ರಲ್ಲಿ ವ್ಯಾಪಾರಕ್ಕೆ ಮೆಟ್ರಿಕ್ ತೂಕಗಳು ಕಡ್ಡಾಯವಾದುವು. ಅಳತೆಯ ಸೇರು ಊರಿಂದೂರಿಗೆ ಬೇರೆಯಾಗಿದ್ದಿತು. ಈಗ ಅನೇಕರು ಲೀಟರಿನ ಪಾತ್ರೆಯನ್ನೇ ಸೇರೆನ್ನುತ್ತಾರೆ. ನಾವೂ ಹಾಗೆಯೇ ಇಟ್ಟುಕೊಳ್ಳೋಣ.

ಈ ಸೇರಿನ ತುಂಬ ನೀರು ಹಿಡಿದರೆ ಒಂದು ಕಿಲೋ, ಕಡಲೆಕಾಯಿ ಎಣ್ಣೆಯಾದರೆ ಸುಮಾರು 910 ಗ್ರಾಂ, ರಾಗಿಯಾದರೆ ಹೆಚ್ಚುಕಡಮೆ 780 ಗ್ರಾಂ. ಮಂಡಕ್ಕಿ 100 ಗ್ರಾಂ ಮುಟ್ಟುವುದೂ ಕಷ್ಟ. ಆದರೆ ತೊಳೆಯಲೆಂದು ನೀರಿಗೆ ಹಾಕಿದ ರಾಗಿ ತಳಕ್ಕಿಳಿಯುತ್ತದೆಯಲ್ಲವೆ? ಅಂದಮೇಲೆ ಕಾಳು ನೀರಿಗಿಂತ ಭಾರವಾದುದು. ಹಾಗಿದ್ದೂ ಸೇರು ರಾಗಿ ಹಗುರವಾಗಲು ಕಾರಣ ಕಾಳುಗಳ ನಡುವಣ ಗಾಳಿ. ಗುಂಡನೆಯ ಕಾಳನ್ನು ಸುಮ್ಮನೆ ಸುರಿದಾಗ ಅದು ಪಾತ್ರೆಯ ನೂರರಲ್ಲಿ ಸುಮಾರು 60 ಪಾಲನ್ನು ಮಾತ್ರ ತುಂಬುತ್ತದೆ. ಕಾಳು ಸಾಸಿವೆಯಷ್ಟಿರಲಿ, ಬಟಾಣಿಯಷ್ಟಿರಲಿ, ಈ ಪ್ರಮಾಣ ಬಹುಮಟ್ಟಿಗೆ ಒಂದೇ! ಒಂದೊಂದನ್ನೂ ಜೋಡಿಸಿಟ್ಟರೂ 74ನ್ನು ಮೀರಲಾಗದೆಂದು ಕೆಪ್ಲರ್ 1611ರಲ್ಲಿ ಊಹಿಸಿದನು. ಅದಕ್ಕೆ ಸಾಧನೆ ದೊರೆತದ್ದು 1998ರಲ್ಲಿ, ಥಾಮಸ್ ಹೇಲ್ಸ್ ಎಂಬ ಗಣಿತಜ್ಞರಿಂದ. ಸೇರನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತುಂಬಿದರೆ 60 ಎಂಬುದು 64ರವರೆಗೆ ಏರಬಲ್ಲುದು. ಎಂದರೆ ಅದೇ ಸೇರಿನಲ್ಲಿ ಹದಿನೈದರಲ್ಲೊಂದು ಪಾಲು ಕಾಳು ಹೆಚ್ಚು. ಹಿಟ್ಟಿನಲ್ಲಂತೂ ಜರಡಿ ಹಿಡಿದುದಕ್ಕೂ ಒತ್ತಿ ತುಂಬಿದುದಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಮುದ್ದೆ ಒಂದು ದಿನ ಗಟ್ಟಿ, ಒಂದು ದಿನ ಮೆತ್ತಗೆ ಆಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಸೇರಿನ ತಲೆಯ ಮೇಲಣ ಗೋಪುರದ ವಿಷಯ. ರಾಶಿಯ ಇಳಿಜಾರು ಕಾಳಿನ ಗುಣ. ಅದನ್ನು ಬೇಕಾದಷ್ಟು ಕಡಿದಾಗಿಸಲು ಬರುವುದಿಲ್ಲ. ಗೋಪುರದ ಎತ್ತರ ಬಾಯಿಯ ತ್ರಿಜ್ಯದ ಅರ್ಧದಷ್ಟೆಂದು ಭಾವಿಸೋಣ. 10 ಸೆಂಟಿಮೀಟರು ಬಾಯಿಯ ಲೀಟರಿನ ಪಾತ್ರೆಯ ಮೇಲೆ ನಿಲ್ಲುವುದು ಸುಮಾರು 65 ಮಿಲಿಲೀಟರು ಕಾಳು. ಅದೇ ಲೀಟರನ್ನು ತಗ್ಗಾಗಿ, 14 ಸೆಂಟಿಮೀಟರು ಬಾಯಿಯಿರುವಂತೆ ಮಾಡಿಸಿದರೆ 180 ಮಿಲಿಲೀಟರು ನಿಲ್ಲುತ್ತದೆ. ಏಕೆಂದರೆ ಗೋಪುರದ ಗಾತ್ರ ಬಾಯಿಯ ಅಗಲದ ಘನವನ್ನು ಅನುಸರಿಸಿ ಬೆಳೆಯುತ್ತದೆ. ಎರಡೂ ಪಾತ್ರೆಗಳು ನೀರಿಗೆ ಸಮ, ರಾಗಿಗೆ ಸಮವಲ್ಲ. ಕಾಳನ್ನು ಕಡ ಕೊಡುವಾಗ ತಲೆ ಸವರಿ, ಹಿಂದಕ್ಕೆ ಪಡೆಯುವಾಗ ಅಗಲಬಾಯಿಯ ಸೇರಿನಲ್ಲಿ ಗೋಪುರ ಕಟ್ಟಿಸಿಕೊಂಡವನಿಗೆ ಬಡ್ಡಿಯ ಮಾತೆತ್ತದೆಯೇ ನೂರಕ್ಕೆ 18 ಲಾಭ! ಕೊಸರು ಹಾಕುವುದು ಔದಾರ್ಯ, ಇದು ಬೇರೆ.

ಮನೆಯ ಪಾವಿನ ಲೆಕ್ಕ ತಿಳಿಯಬೇಕಾದರೆ ಅದನ್ನು ತಕ್ಕಡಿಯಲ್ಲಿಟ್ಟು ಮೊದಲು ಬರಿದಾಗಿಯೂ ಬಳಿಕ ನೀರು ತುಂಬಿಯೂ ತೂಗಬೇಕು. ವ್ಯತ್ಯಾಸ ಎಷ್ಟು ಗ್ರಾಮೋ ಪಾವಿನ ಗಾತ್ರ ಅಷ್ಟು ಮಿಲಿಲೀಟರು. ಅನಂತರ ಪಾವನ್ನು ಚೆನ್ನಾಗಿ ಒರಸಿ ಒಣಗಿಸಿ, ರಾಗಿಹಿಟ್ಟನ್ನು ಕುಟ್ಟದೆ ಸುರಿದು, ತಲೆ ಸವರಿ, ಮೂರು ಸಲ ತೂಗಿ ಸರಾಸರಿಯನ್ನು ಡಬ್ಬಿಯ ಮೇಲೆ ಬರೆದಿಡಬಹುದು. ಅಕ್ಕಿಗೆ, ಬೇಳೆಗೆ, ಸಕ್ಕರೆಗೆ ಬೇರೆ ಬೇರೆಯಾಗಿಯೇ ತೂಗಬೇಕು.