ಹಳೆ ಜೀಪಿನ ಸ್ಟೇರಿಂಗ್: ಬಿಗಿಯುವ ಮೊದಲು ಆಟ ಎಲ್ಲಿದೆ ನೋಡಿ

ತೋಟದ ಕೆಲಸಕ್ಕೆ ಹಳೆಯ ಜೀಪನ್ನೇ ನೆಚ್ಚಿಕೊಂಡಿರುವ ಸಣ್ಣ ಬೆಳೆಗಾರರು ನಮ್ಮಲ್ಲಿ ಅನೇಕರಿದ್ದಾರೆ. ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆ ಮಾದರಿಯ ಗಾಡಿಗಳು ಮಲೆನಾಡಿನ ಏರುದಾರಿಗಳಲ್ಲಿ ಗೊಬ್ಬರ ಹೊರುವಂತೆಯೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳ ನಡುವೆಯೂ ದುಡಿದಿವೆ.

ಆ ಸೀಮೆಯಿಂದ ಹಳೆಯ ಜೀಪನ್ನು ಕೊಳ್ಳಲು ಹೋಗುವವರು ಮೊದಲು ಒಂದು ಮಾತು ಕೇಳಬೇಕು: ಇದು ನೆರೆಯಲ್ಲಿ ನಿಂತಿತ್ತೇ? 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಅಲ್ಲಿನ ಊರುಗಳಿಗೆ ನುಗ್ಗಿದವು. ನೀರಿನಲ್ಲಿ ನಿಂತ ಗಾಡಿಯ ಎಂಜಿನ್ನನ್ನು ಬಿಚ್ಚಿ ಒಣಗಿಸುತ್ತಾರೆ. ಮುಂದಿನ ಆಕ್ಸಲ್ಲಿನ ತುದಿಯ ಕಿಂಗ್ ಪಿನ್ ಬೇರಿಂಗುಗಳನ್ನು ಯಾರೂ ನೋಡುವುದಿಲ್ಲ. ಒಳಗೆ ಗ್ರೀಸು ಕೆಟ್ಟು, ರೋಲರುಗಳಿಗೆ ತುಕ್ಕು ಹಿಡಿದು ಗುಳಿ ಬಿದ್ದಿರುತ್ತದೆ. ಹಳ್ಳ ದಾಟುವ ನಮ್ಮ ಜೀಪುಗಳಿಗೂ ಇದೇ ಗತಿ, ನಿಧಾನವಾಗಿ ಅಷ್ಟೆ.

ಸ್ಟೇರಿಂಗಿನಲ್ಲಿ ಆಟ ಹೆಚ್ಚಾಯಿತೆಂದರೆ ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿದು ಕಳಿಸುವುದು ಅನೇಕ ಗ್ಯಾರೇಜುಗಳ ವಾಡಿಕೆ. ಐದು ನಿಮಿಷದ ಕೆಲಸ, ಗಿರಾಕಿಗೂ ಸಂತೋಷ. ಆದರೆ ಇದು ಅಪಾಯಕಾರಿ. ಬಾಕ್ಸಿನೊಳಗಿನ ಕ್ಯಾಮು ಹೆಚ್ಚು ಸವೆಯುವುದು ನಡುವಿನಲ್ಲಿ, ಅಂದರೆ ಗಾಡಿ ನೇರ ಹೋಗುವ ಜಾಗದಲ್ಲಿ. ಅಲ್ಲಿ ಆಟ ಪೂರ್ತಿ ಹೋಗುವಷ್ಟು ಬಿಗಿದರೆ, ಸವೆಯದ ಎರಡು ಬದಿಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ಕೊಯ್ಲಿನ ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನ ತಿರುವಿನಲ್ಲಿ ಚಕ್ರ ಹೊರಳಿಸಿದಾಗ ಅದು ಹಿಂದಕ್ಕೆ ಬಾರದಿದ್ದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಕೆಳಗಿನಿಂದ ಹುಡುಕುತ್ತ ಬನ್ನಿ. ಗಾಡಿ ಸಮತಟ್ಟಾದ ನೆಲದ ಮೇಲಿರಲಿ, ಎಂಜಿನ್ ನಿಂತಿರಲಿ, ಚಕ್ರಗಳಿಗೆ ಅಡ್ಡ ಕೊಟ್ಟಿರಲಿ. ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪ ಅಲ್ಲಾಡಿಸಲಿ. ಇನ್ನೊಬ್ಬರು ಅಡಿಯಲ್ಲಿ ಮಲಗಿ ಒಂದೊಂದೇ ಕೀಲಿಗೆ ಬೆರಳಿಟ್ಟು ನೋಡಲಿ. ಡ್ರ್ಯಾಗ್ ಲಿಂಕಿನ ಎರಡು ತುದಿ, ನಡುವಿನ ಬೆಲ್ ಕ್ರ್ಯಾಂಕ್, ಆಮೇಲೆ ಟೈರಾಡ್ ತುದಿಗಳು. ಒಂದು ಕಡೆ ಅಲ್ಲಾಡಿ ಪಕ್ಕದ್ದು ಸುಮ್ಮನಿದ್ದರೆ ಸವೆತ ಅಲ್ಲಿಯೇ ಇದೆ. ಬೆಲ್ ಕ್ರ್ಯಾಂಕನ್ನು ವಿಶೇಷವಾಗಿ ಗಮನಿಸಿ. ಅದರ ಪಿನ್ನಿನ ಸಣ್ಣ ಆಟವೇ ನಿಮ್ಮ ಕೈಗೆ ದೊಡ್ಡದಾಗಿ ತಟ್ಟುತ್ತದೆ.

ಇನ್ನು ಮುಂಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ, ಕೆಳಗೆ ಭದ್ರವಾದ ದಿಮ್ಮಿ ಕೊಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಒಬ್ಬರು ಬ್ರೇಕ್ ಒತ್ತಲಿ. ಆಗ ಆಟ ನಿಂತರೆ ದೋಷ ವೀಲ್ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ಗುಂಡಿಗೆ ಬಿದ್ದ ಕೂಡಲೇ ಮುಂಚಕ್ರಗಳು ಗಡಗಡ ನಡುಗುವುದಕ್ಕೂ ಬಹಳ ಸಲ ಇದೇ ಕಾರಣ. ಬರಿಯ ಸಡಿಲವಾದರೆ ಶಿಮ್ ತೆಗೆದು ಸರಿಪಡಿಸಬಹುದು, ಆದರೆ ಮೇಲೂ ಕೆಳಗೂ ಸಮನಾಗಿ ತೆಗೆಯಬೇಕು. ರೋಲರು ಗುಳಿಬಿದ್ದಿದ್ದರೆ ಹೊಸ ಬೇರಿಂಗನ್ನು ಕಪ್ಪಿನ ಸಹಿತ ಹಾಕಿಸಿ.

ಬೆಳಗಾವಿ, ಕೊಲ್ಲಾಪುರಗಳ ಲೇತ್ ಕೆಲಸಗಾರರು ಸವೆದ ಬುಷನ್ನು ಅಳತೆಗೆ ಸರಿಯಾಗಿ ಹೊಸದಾಗಿ ಕಡೆದುಕೊಡಬಲ್ಲರು. ಅದಕ್ಕೆ ಅಡ್ಡಿಯಿಲ್ಲ. ಆದರೆ ಸವೆದ ಬಾಲ್ ತುದಿಗೆ ವೆಲ್ಡಿಂಗ್ ತುಂಬಿಸಿ ಕಡೆಸುವುದು, ಸ್ಟೇರಿಂಗ್ ಆರ್ಮನ್ನು ಬಿಸಿಮಾಡಿ ಬಗ್ಗಿಸುವುದು ಸರ್ವಥಾ ಕೂಡದು. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಮುರಿಯುವ ಮೊದಲು ಹೇಳಿ ಮುರಿಯುವುದಿಲ್ಲ. ಟೈರಾಡ್ ತುದಿಯ ಬೆಲೆ ಉಳಿಸಲು ಹೋಗುವ ಜಾಗ ಇದಲ್ಲ.

ಟೈರಾಡ್ ತುದಿ ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿಟ್ಟುಕೊಳ್ಳಿ. ಜೋಡಿಸಿದ ಮೇಲೆ ಎರಡು ಚಕ್ರಗಳ ಅಂತರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಮುಂದಿನದು ಸುಮಾರು ಒಂದೂವರೆ ಮಿಲಿಮೀಟರ್ ಕಡಿಮೆಯಿರಬೇಕು. ಬಾಕ್ಸಿನ ಸ್ಕ್ರೂ ಮುಟ್ಟುವುದು ಇದೆಲ್ಲ ಆದ ಬಳಿಕ, ಅದೂ ಚಕ್ರಗಳು ನೇರ ಇರುವಾಗ, ಸ್ವಲ್ಪವೇ. ತಿರುಗಿಸಿದ ಮೇಲೆ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊರಳಿಸಿ ಎಲ್ಲಿಯೂ ಹಿಡಿಯುವುದಿಲ್ಲವೆಂದು ಖಾತ್ರಿಮಾಡಿಕೊಳ್ಳಿ. ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಹಳ್ಳದ ನೀರಿನಲ್ಲಿ ಇಳಿದು ಬಂದ ದಿನ ಸಂಜೆಯೇ ನಿಪ್ಪಲುಗಳಿಗೆ ಗ್ರೀಸು ಹೊಡೆಯಿರಿ, ಕೆಸರು ಬಣ್ಣದ್ದು ಹೊರಬಂದು ಹೊಸದು ಕಾಣಿಸಿಕೊಳ್ಳುವವರೆಗೆ.