ಸಂಶೋಧಕರ ಪ್ರಕಟಣೆ ಮತ್ತು ಉಲ್ಲೇಖ ಸಂಖ್ಯೆ: ಬೆಳೆಗಾರರು ಅರ್ಥೈಸಿಕೊಳ್ಳುವ ಬಗೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಕೊಳೆರೋಗ, ಹಳದಿ ಎಲೆ ರೋಗ ಹಾಗೂ ಎಲೆಚುಕ್ಕಿ ರೋಗಗಳ ಕುರಿತು ಹಲವು ಮೂಲಗಳಿಂದ ಸಲಹೆಗಳು ಬರುತ್ತಿರುತ್ತವೆ. ಔಷಧ ಮಾರಾಟಗಾರರು ಕೆಲವೊಮ್ಮೆ ‘ಇದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ’ ಎಂದು ಹೇಳುವುದುಂಟು. ಇಂತಹ ಮಾತನ್ನು ನಂಬಿ ಹಣ ವ್ಯಯಿಸುವ ಮುನ್ನ ಪ್ರಕಟಣೆ ಮತ್ತು ಉಲ್ಲೇಖಗಳು ಏನನ್ನು ಸೂಚಿಸುತ್ತವೆ, ಏನನ್ನು ಸೂಚಿಸುವುದಿಲ್ಲ ಎಂಬುದನ್ನು ತಿಳಿದಿರುವುದು ಅವಶ್ಯಕ.

ಉಲ್ಲೇಖ ಎಂದರೇನು?

ಒಬ್ಬ ವಿಜ್ಞಾನಿಯ ಲೇಖನವನ್ನು ಮತ್ತೊಬ್ಬರು ತಮ್ಮ ಲೇಖನದಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಇದರ ಆಧಾರದ ಮೇಲೆ ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ‘ಎಚ್-ಸೂಚ್ಯಂಕ’ವನ್ನು ಸೂಚಿಸಿದರು. ಉದಾಹರಣೆಗೆ, ಒಬ್ಬರ ಐದು ಲೇಖನಗಳಿಗೆ ಕ್ರಮವಾಗಿ 40, 12, 5, 3 ಮತ್ತು 1 ಉಲ್ಲೇಖ ದೊರೆತಿದ್ದರೆ ಅವರ ಸೂಚ್ಯಂಕ 3. ಕನಿಷ್ಠ ಮೂರು ಉಲ್ಲೇಖ ಪಡೆದ ಮೂರು ಲೇಖನಗಳಿವೆ. ಆದರೆ ಕನಿಷ್ಠ ನಾಲ್ಕು ಉಲ್ಲೇಖ ಪಡೆದ ನಾಲ್ಕು ಲೇಖನಗಳಿಲ್ಲ.

ಈ ಸಂಖ್ಯೆಯು ಸಹ ವಿಜ್ಞಾನಿಗಳು ಆ ಕೆಲಸವನ್ನು ಎಷ್ಟು ಗಮನಿಸಿದ್ದಾರೆ ಎಂಬುದನ್ನು ತಿಳಿಸುತ್ತದೆ. ತೋಟದಲ್ಲಿ ಎಷ್ಟು ಫಸಲು ಉಳಿಯಿತು ಎಂಬುದನ್ನು ತಿಳಿಸುವುದಿಲ್ಲ.

ಕೊಳೆರೋಗದ ಸಂಶೋಧನೆ: ಒಂದು ನಿದರ್ಶನ

ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮುಂದೆ ಕೃಷಿ ನಿರ್ದೇಶಕರಾದರು. ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅವರು ವಿವರಿಸಿದ ರೋಗಾಣುವನ್ನು ಪೆಥಿಬ್ರಿಜ್ ಅವರು 1913ರಲ್ಲಿ ‘ಫೈಟೋಫ್ತೋರಾ ಅರೆಕೆ’ ಎಂಬ ಪ್ರತ್ಯೇಕ ಪ್ರಭೇದವೆಂದು ಪರಿಗಣಿಸಿದರು. ಆದ್ದರಿಂದ ವೈಜ್ಞಾನಿಕ ಗ್ರಂಥಗಳಲ್ಲಿ ಆ ಹೆಸರಿನ ಮುಂದೆ ‘(ಕೋಲ್ಮನ್) ಪೆಥಿಬ್ರಿಜ್’ ಎಂದು ನಮೂದಿಸಲಾಗುತ್ತದೆ. ಆವರಣದಲ್ಲಿರುವುದು ಮೊದಲು ವಿವರಿಸಿದವರ ಹೆಸರು. ಹೊರಗಿರುವುದು ಈಗಿನ ಸ್ಥಾನಕ್ಕೆ ಸೇರಿಸಿದವರ ಹೆಸರು. ಜೋಳವನ್ನು ಬಾಧಿಸುವ ರೆಕ್ಕೆರಹಿತ ಮಿಡತೆಯ ಕುಲಕ್ಕೆ ‘ಕೋಲ್ಮೇನಿಯಾ’ ಎಂಬ ಹೆಸರು ಬಂದುದೂ ಇವರಿಂದಲೇ.

ಆ ಕಾಲದಲ್ಲಿ ಮಲೆನಾಡಿನ ಬೆಳೆಗಾರರು ಮಳೆಯಿಂದ ರಕ್ಷಿಸಲು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಫ್ರಾನ್ಸ್‌ನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಕೋಲ್ಮನ್ ಶಿಫಾರಸು ಮಾಡಿದರು. ಅಂದು ಪುತ್ತೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆದರೂ ಇಂದು ಇಲ್ಲಿನ ತೋಟಗಳಲ್ಲೂ ಇದೇ ದ್ರಾವಣ ಬಳಕೆಯಲ್ಲಿದೆ. ಮುಂಗಾರಿಗೆ ಮುನ್ನ ಮದ್ದು ಬಿಡುವ ಬೆಳೆಗಾರರು 1910ರ ಆ ಪ್ರಕಟಣೆಯನ್ನು ಎಲ್ಲಿಯೂ ಉಲ್ಲೇಖಿಸುವುದಿಲ್ಲ. ಸಂಶೋಧನೆಯೊಂದು ರೂಢಿಯೇ ಆಗಿಬಿಟ್ಟರೆ ಅದರ ಪ್ರಭಾವ ಎಣಿಕೆಗೆ ಸಿಗುವುದಿಲ್ಲ.

ನಂತರದ ಅಧ್ಯಯನಗಳಲ್ಲಿ ‘ಫೈಟೋಫ್ತೋರಾ ಮೀಡಿಯೈ’ ಎಂಬ ಪ್ರಭೇದವೂ ಕೊಳೆರೋಗಕ್ಕೆ ಕಾರಣವೆಂದು ಕಂಡುಬಂದಿದೆ. ಹೆಸರು ಮತ್ತು ವರ್ಗೀಕರಣ ಬದಲಾಗಬಹುದು. ಹಲವರು ಹಲವೆಡೆ ಪರೀಕ್ಷಿಸಿ ಖಚಿತಪಡಿಸಿದ ನಿರ್ವಹಣಾ ಕ್ರಮ ಉಳಿಯುತ್ತದೆ.

ಎಣಿಕೆಯ ಮಿತಿಗಳು

• ಅಡಿಕೆಯ ಮೇಲೆ ಸಂಶೋಧನೆ ನಡೆಸುವವರು ಭತ್ತ, ಗೋಧಿಗೆ ಹೋಲಿಸಿದರೆ ಕಡಿಮೆ. ಆದ್ದರಿಂದ ಉತ್ತಮ ಲೇಖನಕ್ಕೂ ಉಲ್ಲೇಖ ಕಡಿಮೆ ಇರಬಹುದು.
• ತಪ್ಪೆಂದು ತೋರಿಸಲು ಹೆಸರಿಸಿದರೂ ಅದು ಉಲ್ಲೇಖವೆಂದೇ ಎಣಿಕೆಯಾಗುತ್ತದೆ.
• ಸ್ವಂತ ಲೇಖನಗಳನ್ನೇ ಪದೇ ಪದೇ ಹೆಸರಿಸಿದರೂ ಸಂಖ್ಯೆ ಏರುತ್ತದೆ.
• ಕನ್ನಡದ ಕೈಪಿಡಿ, ಕ್ಷೇತ್ರೋತ್ಸವ, ತರಬೇತಿಗಳು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಸಲಹೆ ಸ್ವೀಕರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಪ್ರಯೋಗ ನಡೆದುದು ಪ್ರಯೋಗಾಲಯದಲ್ಲೋ, ತೋಟದಲ್ಲೋ?
2. ನಮ್ಮಷ್ಟು ಮಳೆ ಬೀಳುವ ಪ್ರದೇಶದಲ್ಲಿ, ಒಂದಕ್ಕಿಂತ ಹೆಚ್ಚು ವರ್ಷ ನಡೆದಿದೆಯೇ?
3. ಮದ್ದು ಬಿಡದ ಮರಗಳೊಡನೆ ಹೋಲಿಸಲಾಗಿದೆಯೇ?
4. ಉತ್ಪನ್ನ ಮಾರುವವರಲ್ಲದೆ ಬೇರೆಯವರೂ ಅದೇ ಫಲಿತಾಂಶ ಪಡೆದಿದ್ದಾರೆಯೇ?

ಸುಳ್ಯ ತಾಲ್ಲೂಕಿನ ಹಳದಿ ಎಲೆ ರೋಗಪೀಡಿತ ಪ್ರದೇಶಗಳಲ್ಲಿ ಈ ಪ್ರಶ್ನೆಗಳು ಬಹಳ ಮುಖ್ಯ. ಫೈಟೋಪ್ಲಾಸ್ಮಾದಿಂದ ಬರುವ ಈ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಒಂದೇ ಮಾತಿಗೆ ಸಾಲ ಮಾಡಿ ಔಷಧ ಖರೀದಿಸಬಾರದು.

ವಿಸ್ತರಣಾ ಕಾರ್ಯಕರ್ತರು ಶಿಫಾರಸು ತಿಳಿಸುವಾಗ ಪ್ರಯೋಗ ನಡೆದ ಸ್ಥಳ, ವರ್ಷ ಮತ್ತು ಹೋಲಿಕೆಯ ವಿವರವನ್ನೂ ತಿಳಿಸುವುದು ಸೂಕ್ತ. ಸಂದೇಹವಿದ್ದಲ್ಲಿ ಬೆಳೆಗಾರರು ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಗೇರು ಬೆಳೆಗೆ ಸಂಬಂಧಿಸಿದಂತೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ, ಮೇಲಿನ ಪ್ರಶ್ನೆಗಳಿಗೆ ಉತ್ತರ ಪಡೆದ ನಂತರವೇ ಹೊಸ ಕ್ರಮವನ್ನು ಮೊದಲು ಕೆಲವೇ ಮರಗಳಲ್ಲಿ ಅನುಸರಿಸಿ ನೋಡಬೇಕು.